ತಕ್ಕಡಿಯ ನಡುವಿನ ಮೂರಕ್ಷರ

ವಿಜಯಪುರ ಜಿಲ್ಲೆಯ ತಿಕೋಟಾದ ಕಚೇರಿಯಿಂದ ಕೈಗೆ ಬರುವ ಜಾತಿ-ಆದಾಯ ಪ್ರಮಾಣಪತ್ರದ ನೆತ್ತಿಯಲ್ಲಿ ರಾಜ್ಯದ ಲಾಂಛನವಿರುತ್ತದೆ. ಗುರಾಣಿಯಲ್ಲಿ ಎರಡು ತಲೆಯ ಗಂಡಭೇರುಂಡ, ಅದರ ಮೇಲೆ ಸಾರನಾಥದ ಸಿಂಹಗಳು, ಎಡಬಲಕ್ಕೆ ಸೊಂಡಿಲಿರುವ ಶರಭ, ಕಾಲಡಿಗೆ ಎಲೆಗಳ ಹಾಸು. ಅದರ ಕೆಳಗೆ, ಜೆರಾಕ್ಸ್ ಮಾಡಿಸಿದರೆ ಎಲ್ಲಕ್ಕಿಂತ ಮೊದಲು ಮಸಿಯಾಗಿ ಕೂಡಿಕೊಳ್ಳುವಷ್ಟು ಸಣ್ಣಗೆ, ನಾಗರಿ ಅಕ್ಷರದಲ್ಲಿ ‘ಸತ್ಯಮೇವ ಜಯತೇ’. ವಿದ್ಯಾರ್ಥಿವೇತನದ ಅರ್ಜಿಗೆ ಈ ಕಾಗದ ಲಗತ್ತಿಸುವ ಹುಡುಗನಿಗಾಗಲಿ, ಅದನ್ನು ಪರಿಶೀಲಿಸುವ ಗುಮಾಸ್ತರಿಗಾಗಲಿ ಆ ಸಾಲಿನಿಂದ ಆಗಬೇಕಾದ್ದು ಏನೂ ಇಲ್ಲ. ಸಿಕ್ಕಾ ಬಿದ್ದಿದೆಯೋ ಇಲ್ಲವೋ, ಅಷ್ಟೇ.

ನಮ್ಮ ಕಡೆ ಕಚೇರಿಯ ಮೊಹರಿಗೆ ಸಿಕ್ಕಾ ಎನ್ನುತ್ತಾರೆ. ಪಾರಸಿಯಲ್ಲಿ ಟಂಕಸಾಲೆಯ ನಾಣ್ಯಕ್ಕೂ ಅದೇ ಹೆಸರು. ನಾನು ಹುಡುಕಿಕೊಂಡು ಹೊರಟದ್ದು ಈ ಎರಡೂ ಸಿಕ್ಕಾಗಳ ಮೇಲಿನ ಬರಹವನ್ನು. ಈ ನೆಲವನ್ನು ಆಳಿದವರು ತಮ್ಮ ಬಗ್ಗೆ ಒಂದೇ ಸಾಲಿನಲ್ಲಿ ಏನು ಹೇಳಿಕೊಂಡರು, ಯಾವ ಭಾಷೆಯಲ್ಲಿ ಹೇಳಿಕೊಂಡರು, ಯಾರು ಓದಲೆಂದು ಹೇಳಿಕೊಂಡರು ಎಂಬುದು ನನ್ನ ಪ್ರಶ್ನೆ. ಇದಕ್ಕೆ ವಿಜಯಪುರದಷ್ಟು ಒಳ್ಳೆಯ ಜಾಗ ಕರ್ನಾಟಕದಲ್ಲಿ ಇನ್ನೊಂದಿಲ್ಲವೆಂದು ನನ್ನ ನಂಬಿಕೆ. ಚಾಲುಕ್ಯರು, ಸೇವುಣರು, ಬಹಮನಿಗಳು, ಆದಿಲ್‌ಶಾಹಿಗಳು, 1686ರಲ್ಲಿ ಮೊಗಲರು, ಆಮೇಲೆ ನಿಜಾಮ, 1760ರಲ್ಲಿ ಪೇಶ್ವೆ, 1818ರ ನಂತರ ಸಾತಾರಾದ ರಾಜ, 1848ರಿಂದ ಕಂಪನಿ, ಹತ್ತು ವರ್ಷಕ್ಕೆ ಇಂಗ್ಲೆಂಡಿನ ರಾಣಿ, ಸ್ವಾತಂತ್ರ್ಯದ ಮೇಲೆ ಮುಂಬಯಿ ರಾಜ್ಯ, 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ. ಒಂದೇ ಹೊಲದ ಕಾಗದಕ್ಕೆ ಇಷ್ಟು ಸರ್ಕಾರಗಳ ಸಿಕ್ಕಾ.

ಹಳೆಯದರಿಂದಲೇ ಶುರು ಮಾಡೋಣ. ನಗರದ ಅರಕಿಲ್ಲೆಯಲ್ಲಿ ದೊರೆತ 1074ರ ಶಾಸನ ಕಲ್ಯಾಣ ಚಾಲುಕ್ಯರ ಭುವನೈಕಮಲ್ಲ ಸೋಮೇಶ್ವರನ ಕಾಲದ್ದು. ದಂಡನಾಯಕ ನಾಕಿಮಯ್ಯ ಇಲ್ಲಿ ಸ್ವಯಂಭು ಸಿದ್ಧೇಶ್ವರನ ಗುಡಿ ಕಟ್ಟಿಸಿದ ಸಂಗತಿ ಅದರಲ್ಲಿದೆ. ಈ ಅರಸರ ಶಾಸನಗಳನ್ನು ಓದುವವರಿಗೆ ಆರಂಭದ ಪಾಠ ಬಾಯಿಗೇ ಬಂದುಬಿಟ್ಟಿರುತ್ತದೆ: ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ. ಲಿಪಿ ಕನ್ನಡದ್ದೇ. ಆದರೆ ಅರಸನ ಹೊಗಳಿಕೆ ಮುಗಿಯುವ ತನಕ ಪದಗಳೆಲ್ಲ ಸಂಸ್ಕೃತದವು. ದಾನ ಕೊಟ್ಟ ಭೂಮಿಯ ಗಡಿ, ಮತ್ತರಿನ ಲೆಕ್ಕ, ತೆರಿಗೆಯ ವಿವರ ಬಂದಾಗ ಕಲ್ಲು ಕನ್ನಡ ಮಾತಾಡತೊಡಗುತ್ತದೆ. ಲೋಕಕ್ಕೆಲ್ಲ ಆಶ್ರಯ ಕೊಡುವ ಮಾತನ್ನು ಊರಿನ ರೈತ ತಿಳಿಯಬೇಕಿರಲಿಲ್ಲ. ಯಾವ ಹಳ್ಳದಿಂದ ಯಾವ ಕಲ್ಲಿನವರೆಗೆ ದೇವರ ಹೊಲ ಎಂಬುದನ್ನು ಮಾತ್ರ ತಿಳಿದಿರಬೇಕಿತ್ತು. ಈ ಏರ್ಪಾಡು ಮುಂದೆ ಬಂದವರೂ ಕೈಬಿಡಲಿಲ್ಲ.

ಆದಿಲ್‌ಶಾಹಿಗಳ ತಾಮ್ರದ ನಾಣ್ಯಗಳಿಗೆ ಬಂದರೆ ಕೆಲಸ ಕಷ್ಟ. ಇವು ಅಚ್ಚಿಗಿಂತ ಸಣ್ಣ ತುಣುಕುಗಳು. ಅಚ್ಚಿನಲ್ಲಿ ಪೂರ್ತಿ ಸಾಲಿದ್ದರೂ ನಾಣ್ಯದ ಮೇಲೆ ಅದರ ಅರ್ಧವೋ ಕಾಲೋ ಬಿದ್ದಿರುತ್ತದೆ. ಒಂದರಲ್ಲಿ ತಲೆ, ಇನ್ನೊಂದರಲ್ಲಿ ಬಾಲ, ಹೀಗೆ ಹತ್ತಾರು ನಾಣ್ಯ ಜೋಡಿಸಿಕೊಂಡರೆ ಒಂದು ವಾಕ್ಯ. 2001ರಲ್ಲಿ ಬಂದ ಗೋರನ್ ಮತ್ತು ಗೋಯೆಂಕಾ ಅವರ ಸುಲ್ತಾನರ ನಾಣ್ಯಗಳ ದೊಡ್ಡ ಗ್ರಂಥವನ್ನು ಮಗ್ಗುಲಿಗಿಟ್ಟುಕೊಳ್ಳದೆ ಈ ಕೆಲಸಕ್ಕೆ ಕೈಹಾಕುವಂತಿಲ್ಲ. ಮೊದಲನೆಯ ಅಲಿಯ ನಾಣ್ಯದಲ್ಲಿ ಪ್ರವಾದಿಯ ಅಳಿಯ ಅಲಿಯ ಹೆಸರು, ಅವನು ದೇವರ ಗೆಲ್ಲುವ ಸಿಂಹ ಎಂಬ ಅರಬ್ಬೀ ಬಿರುದು. ಈ ಮನೆತನ ಶಿಯಾ ಪಂಥಕ್ಕೂ ಸುನ್ನಿ ಪಂಥಕ್ಕೂ ನಡುವೆ ತೂಗಾಡಿದ ಕಾಲವದು. ನಾಣ್ಯದ ಸಾಲು ಆ ಜಗಳದಲ್ಲಿ ತಾನು ಯಾರ ಕಡೆ ಎಂದು ಸಾರುತ್ತಿತ್ತು. ಕೇಳಬೇಕಾದವರು ಆಸ್ಥಾನದ ಸರದಾರರು, ಇರಾನಿನ ಶಾಹ, ಅಕ್ಕಪಕ್ಕದ ಸುಲ್ತಾನರು.

ಮುಂದಿನವನು ಇಮ್ಮಡಿ ಇಬ್ರಾಹಿಂ. 1580ರಿಂದ 1627ರವರೆಗೆ ಆಳಿದವನು, ಜಗದ್ಗುರು ಎನಿಸಿಕೊಂಡವನು. ಅವನ ತಾಮ್ರದ ನಾಣ್ಯದ ಒಂದು ಮುಖದಲ್ಲಿ ತಾನು ಅಲಿಯ ಗುಲಾಮನೆಂಬ ಮಾತು ಇದೆ, ಅದರಲ್ಲಿ ಹೊಸದೇನಿಲ್ಲ. ಇನ್ನೊಂದು ಮುಖದಲ್ಲಿ ಅರಬ್ಬೀ ಲಿಪಿಯಲ್ಲೇ ‘ಇಬ್ರಾಹಿಂ ಅಬ್ಲಾ ಬಲಿ’ ಎಂದಿದೆ. ಪಾರಸಿ ನಿಘಂಟು ತೆರೆದು ಕೂತರೆ ಇದು ಬಿಡಿಸಿಕೊಳ್ಳುವುದಿಲ್ಲ. ಅಬಲರಿಗೆ ಬಲ, ದುರ್ಬಲರ ಆಸರೆ. ಕೊನೆಯ ಪದವನ್ನು ‘ವಲಿ’ ಎಂದು ಓದಿ ದುರ್ಬಲರ ಮಿತ್ರ ಎನ್ನುವವರೂ ಉಂಟು. ಅಕ್ಷರ ಮೆಕ್ಕಾದ ಕಡೆಯದು, ಪದ ಕಾಶಿಯ ಕಡೆಯದು, ನಾಣ್ಯ ಓಡಾಡಿದ್ದು ವಿಜಯಪುರದ ಸಂತೆಯಲ್ಲಿ. ಅಬಲಾಶ್ರಮದ ನೆನಪಿನಿಂದ ನಾವು ಇಂದು ಅಬಲೆ ಎಂದರೆ ಹೆಂಗಸು ಎಂದೇ ಅರ್ಥ ಮಾಡುತ್ತೇವೆ. ನಾಣ್ಯದ ಅಬಲರಲ್ಲಿ ಹೆಂಗಸರೂ ಗಂಡಸರೂ ಸೇರಿದ್ದಾರೆ. ಅರಸನೊಬ್ಬ ತನ್ನ ಒಂದು ಸಾಲಿನಲ್ಲಿ ಗೆಲುವು, ದೇವರು, ವಂಶ ಮೂರನ್ನೂ ಬಿಟ್ಟು ಕೆಳಗಿನವರನ್ನು ನೆನೆದದ್ದು ಈ ಊರಿನ ದಾಖಲೆಯಲ್ಲಿ ನನಗೆ ಕಂಡದ್ದು ಇದೊಂದೇ ಕಡೆ. ಅದೂ ಚಿನ್ನದ ಹೊನ್ನಿನ ಮೇಲಲ್ಲ, ಬಡವರ ಕೈಗೆ ಬರುವ ತಾಮ್ರದ ಮೇಲೆ.

ತಿಕೋಟಾಕ್ಕೆ ಹೋಗುವ ಅಥಣಿ ರಸ್ತೆಯಲ್ಲೇ ಅವನ ಇನ್ನೊಂದು ಹುಚ್ಚಿನ ಅವಶೇಷವಿದೆ. ತೊರವಿಯ ಹತ್ತಿರ 1599ರಲ್ಲಿ ಅವನು ಶುರುಮಾಡಿದ ನವರಸಪುರ. ಭಾರತೀಯರ ಕಿವಿಗೆ ಅದು ಒಂಬತ್ತು ರಸ, ಪಾರಸಿಯವರ ಕಿವಿಗೆ ಹೊಸದಾಗಿ ಮಾಗಿದ ಹಣ್ಣು. ಎರಡೂ ಅರ್ಥ ಒಟ್ಟಿಗೆ ಬರುವ ಪದ ಸಿಕ್ಕಿದ ಖುಷಿಗೆ ಊರು, ಅರಮನೆ, ನಾಣ್ಯ, ಹಬ್ಬ, ತಾನೇ ಬರೆದ ಹಾಡುಗಳ ಪುಸ್ತಕ ಎಲ್ಲಕ್ಕೂ ಅದನ್ನೇ ಇಟ್ಟ. ಒಂದು ಪದವನ್ನೇ ರಾಜ್ಯದ ಗುರುತಾಗಿಸಿದ ಮೇಲೆ ಬೇರೆ ಘೋಷವಾಕ್ಯ ಯಾಕೆ ಬೇಕು? 1624ರಲ್ಲಿ ಮಲಿಕ್ ಅಂಬರನ ದಂಡು ಬಂದು ನವರಸಪುರವನ್ನು ಹಾಳುಗೆಡವಿತು. ಸಂಗೀತ ಮಹಲಿನ ಕಮಾನುಗಳು ಉಳಿದಿವೆ. ಬಸ್ಸಿನಲ್ಲಿ ಹೋಗುವವರು ಅಲ್ಲಿ ಇಳಿಯುವುದು ಕಡಿಮೆ.

ಅವನ ಮಗ ಮಹಮ್ಮದ್ ಆದಿಲ್‌ಶಾಹ ಅಷ್ಟು ಸೂಕ್ಷ್ಮದವನಲ್ಲ. ಅವನ ನಾಣ್ಯದ ಪಾರಸಿ ದ್ವಿಪದಿಯ ತಾತ್ಪರ್ಯ, ಲೋಕಕ್ಕೆ ಶೋಭೆ ಬಂದದ್ದು ಇಬ್ಬರು ಮಹಮ್ಮದರಿಂದ, ಮೊದಲನೆಯವರು ಪ್ರವಾದಿ, ಎರಡನೆಯವನು ತಾನು ಎಂದು. ಗೋಳಗುಮ್ಮಟ ಕಟ್ಟಿಸಿದವನಿಂದ ಇನ್ನೇನು ನಿರೀಕ್ಷಿಸೋಣ. ಆದರೆ ಸುಮಾರು 1646ರಲ್ಲಿ ಅವನೇ ಕಟ್ಟಿಸಿದ, ಈಗ ಅಸಾರ್ ಮಹಲ್ ಎನ್ನುವ ಕಟ್ಟಡಕ್ಕೆ ಮೊದಲಿದ್ದ ಹೆಸರು ದಾದ್ ಮಹಲ್, ಅಂದರೆ ನ್ಯಾಯದ ಮಹಲು. ಅಲ್ಲಿದ್ದ ಅರಬ್ಬೀ, ಪಾರಸಿ ಹಸ್ತಪ್ರತಿಗಳನ್ನು 1853ರಲ್ಲಿ ಲಂಡನ್ನಿಗೆ ಸಾಗಿಸಿದರು. ಆದಿಲ್‌ಶಾಹಿ ಗ್ರಂಥಾಲಯದ ಮುದ್ರೆಗಳನ್ನು ಕಾಣಬೇಕಾದವರು ಇಂದಿಗೂ ಆ ದಾರಿ ಹಿಡಿಯಬೇಕು. ಕಾಗದ ಹೋಯಿತು, ಪದ ಉಳಿಯಿತು. ಯಾರೂ ಅಹವಾಲು ಕೇಳದಿದ್ದಾಗ ‘ದಾದ್ ಇಲ್ಲ, ಫಿರ್ಯಾದ್ ಇಲ್ಲ’ ಎನ್ನುವವರ ಬಾಯಲ್ಲಿರುವುದು ಆ ಮಹಲಿನ ಹೆಸರೇ.

ಮೊಗಲರದು ನೇರ ವ್ಯವಹಾರ. ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ ತೋಪಿನ ಮೈಮೇಲೆ 1549ರಲ್ಲಿ ಅಹ್ಮದನಗರದಲ್ಲಿ ಅದನ್ನು ಎರಕ ಹೊಯ್ದ ಮಹಮ್ಮದ್ ಬಿನ್ ಹಸನ್ ರೂಮಿಯ ಹೆಸರಿದೆ. ಹೊಯ್ಯಿಸಿದ ನಿಜಾಮಶಾಹ ತಾನು ಪ್ರವಾದಿಯ ಮನೆತನದ ಸೇವಕನೆಂದು ಹೇಳಿಕೊಂಡಿದ್ದಾನೆ. ಅದೇ ಲೋಹದ ಮೇಲೆ ಔರಂಗಜೇಬನದೂ ಒಂದು ಬರಹ. ಆಲಂಗೀರ್ ಬಿಜಾಪುರವನ್ನು ಗೆದ್ದ, ತೋಪಿನ ಹೆಸರಿರುವ ಮಾತೇ ಗೆಲುವಿನ ವರ್ಷ ಹೇಳುತ್ತದೆ ಎಂಬ ಅಕ್ಷರಗಣಿತದ ಆಟ. ಮುಟ್ಟಿ ನೋಡಿದರೆ ಕಂಚು ಒಂದೇ, ಯಜಮಾನರು ಬೇರೆ. ಮೊಗಲರ ಟಂಕಸಾಲೆ ಬಿಜಾಪುರಕ್ಕೆ ಕೊಟ್ಟ ಬಿರುದು ದಾರುಲ್ ಜಫರ್, ವಿಜಯದ ನಿಲಯ. ವಿಜಯಪುರಕ್ಕೆ ಬಂದು ಅದಕ್ಕೆ ಪಾರಸಿಯಲ್ಲಿ ವಿಜಯಪುರವೆಂದೇ ಹೆಸರಿಟ್ಟ ಹಾಗಾಯಿತು.

ಇಲ್ಲಿ ಒಂದು ಅಡ್ಡದಾರಿ ಹಿಡಿಯಬೇಕು. ಬಿಜಾಪುರದ ಸೇವೆಯಲ್ಲಿದ್ದ ಸರದಾರ ಶಹಾಜಿಯ ಮಗ ಶಿವಾಜಿ, 1640ರ ದಶಕದಲ್ಲೇ ತನ್ನ ಪತ್ರಗಳಿಗೆ ಸಂಸ್ಕೃತದ ಮುದ್ರೆ ಒತ್ತತೊಡಗಿದ. ಸುತ್ತಲೂ ಪಾರಸಿ ಮುದ್ರೆಗಳು ನಡೆಯುತ್ತಿದ್ದಾಗ ಅದೊಂದು ಘೋಷಣೆಯೇ. ಪಾಡ್ಯದ ಚಂದ್ರನ ಹಾಗೆ ಬೆಳೆಯುವ ಮುದ್ರೆ, ಜನರ ಒಳಿತಿಗಾಗಿ ಇರುವ ಮುದ್ರೆ ಎಂಬುದು ಅದರ ಸಾರ. ಇವತ್ತು ಮಹಾರಾಷ್ಟ್ರ ಸರ್ಕಾರದ ಲಾಂಛನದ ಸುತ್ತ ಇರುವುದು ಅದೇ ಶ್ಲೋಕ. ಶಹಾಜಿಯ ಮಗನ ಹೆಸರಿದ್ದ ಕಡೆ ಮಹಾರಾಷ್ಟ್ರ ರಾಜ್ಯದ ಹೆಸರು ಕೂರಿಸಿದ್ದಾರೆ. 1510ರವರೆಗೆ ಆದಿಲ್‌ಶಾಹಿಗಳದೇ ಆಗಿದ್ದ ಗೋವಾ ಇಂದು ತನ್ನ ಲಾಂಛನದಲ್ಲಿ ಎಲ್ಲರೂ ಒಳ್ಳೆಯದನ್ನೇ ಕಾಣಲಿ, ಯಾರಿಗೂ ದುಃಖ ತಟ್ಟದಿರಲಿ ಎಂಬ ಸಂಸ್ಕೃತದ ಹಾರೈಕೆ ಇಟ್ಟುಕೊಂಡಿದೆ.

ತಿಕೋಟಾದಲ್ಲಿ ದ್ರಾಕ್ಷಿ ಬೆಳೆಯುವ ಒಂದು ಮನೆಯಲ್ಲಿ ಲಕ್ಷ್ಮೀಪೂಜೆಯ ನಾಣ್ಯಗಳ ಹಿತ್ತಾಳೆ ಡಬ್ಬಿಯನ್ನು ನನ್ನ ಮುಂದೆ ಸುರುವಿದರು. ಹೊರಗೆ ಒಣದ್ರಾಕ್ಷಿಯ ಶೆಡ್ಡು, ಒಳಗೆ ಚಾಪೆಯ ಮೇಲೆ ತಾಮ್ರದ ಗುಡ್ಡೆ. ಹೆಚ್ಚಿನವು ಶಿವರಾಯಿ. ಒಂದು ಕಡೆ ‘ಶ್ರೀ ರಾಜಾ ಶಿವ’, ಇನ್ನೊಂದು ಕಡೆ ‘ಛತ್ರಪತಿ’. ಶಿವಾಜಿ ತೀರಿ ಹೋಗಿ ನೂರಾರು ವರ್ಷವಾದ ಮೇಲೂ ಇವು ಈ ಸೀಮೆಯಲ್ಲಿ ಚಲಾವಣೆಯಲ್ಲಿದ್ದವು. ಅವುಗಳ ನಡುವೆ ಒಂದು ದಪ್ಪ ಢಬ್ಬು ಬೇರೆ ತರಹ ಕಂಡಿತು.

“ಅದು ತಕ್ಕಡಿ ರೊಕ್ಕರೀ. ನಮ್ಮ ಮುತ್ಯಾ ಇದ್ದಾಗಿಂದ ಐತಿ,” ಎಂದರು ಮನೆಯ ಹಿರಿಯರು.

ಕಾಲಾಣೆ, 1833ನೆಯ ಇಸವಿ, ಮುಂಬಯಿ ಪ್ರಾಂತ್ಯದ್ದು. ಒಂದು ಮುಖದಲ್ಲಿ ಕಂಪನಿಯ ಲಾಂಛನ, ಇಬ್ಬದಿಗೆ ಸಿಂಹ, ಕೆಳಗಿನ ಪಟ್ಟಿಯಲ್ಲಿ ಲ್ಯಾಟಿನ್ ಸಾಲು: ‘ಔಸ್ಪಿಸಿಯೋ ರೆಜಿಸ್ ಎತ್ ಸೆನಾತುಸ್ ಆಂಗ್ಲಿಯೇ’. ಇಂಗ್ಲೆಂಡಿನ ಅರಸ ಮತ್ತು ಸಂಸತ್ತಿನ ಆಶ್ರಯದಲ್ಲಿ ಎಂದು ಅರ್ಥ. ತಿರುಗಿಸಿದರೆ ತಕ್ಕಡಿ. ಮೇಲೆ ದಂಡಿಗೆ, ಎರಡೂ ತಟ್ಟೆ ಸಮ. ತಟ್ಟೆಗಳ ನಡುವೆ ಮೂರೇ ಅಕ್ಷರ: ಐನ್, ದಾಲ್, ಲಾಮ್. ಅಡಿಯಲ್ಲಿ ಹಿಜರಿ 1249. ಅಕ್ಷರದ ಅಂಚು ಸವೆದಿತ್ತು, ಐನ್ ಅಕ್ಷರದ ಬಾಯಿ ಮಾತ್ರ ತೆರೆದೇ ಇತ್ತು.

“ಏನ್ ಬರದಾರ್ರೀ ಸರ ಅದ್ರಾಗ?”

“ನ್ಯಾಯ ಅಂತ ಬರದಾರ್ರೀ, ಕಾಕಾ. ಅದ್ಲ್. ಅದಾಲತ್ ಅಂತೀವಲ್ಲ, ಅದರದ ಮೂಲ.”

“ನ್ಯಾಯ?” ಅವರು ನಕ್ಕರು. “ರೊಕ್ಕದ ಮ್ಯಾಲೆ?”

ನನ್ನ ಹುಡುಕಾಟದಲ್ಲಿ ಇಷ್ಟು ದೊಡ್ಡ ಸಾಕ್ಷಿ ಇನ್ನೊಂದು ಸಿಕ್ಕಲಿಲ್ಲ. ಆದಿಲ್‌ಶಾಹ ಎಂಬ ಹೆಸರಿನ ಆದಿಲ್ ಕೂಡ ಇದೇ ಬೇರಿನದು, ನ್ಯಾಯವಂತ ಎಂದರ್ಥ. ಕಂಪನಿ ಅದನ್ನು ಬಿಜಾಪುರದಿಂದ ತಂದದ್ದಲ್ಲ. ಮುಂಬಯಿಯ ತಾಮ್ರದ ನಾಣ್ಯಗಳ ಮೇಲೆ 1791ರಿಂದಲೇ ತಕ್ಕಡಿ ಇತ್ತು. 1804ರ ನಾಣ್ಯಗಳನ್ನಂತೂ ಬರ್ಮಿಂಗ್‌ಹ್ಯಾಮ್ ಹತ್ತಿರದ ಸೋಹೋ ಕಾರ್ಖಾನೆಯಲ್ಲಿ ಯಂತ್ರದಿಂದ ಒತ್ತಿ ಹಡಗಿನಲ್ಲಿ ಕಳಿಸಿದ್ದರು. ಆದರೆ ಎರಡು ಮುಖ ಯಾರ್ಯಾರಿಗೆ ಎಂಬುದನ್ನು ನೋಡಿ. ಲ್ಯಾಟಿನ್ ಸಾಲು ಲಂಡನ್ನಿನವರಿಗೆ: ನಮ್ಮ ಹಿಂದೆ ಅರಸನಿದ್ದಾನೆ, ಸಂಸತ್ತಿದೆ. ತಕ್ಕಡಿ ಇಲ್ಲಿಯವರಿಗೆ: ತೂಕದಲ್ಲಿ ಮೋಸವಿಲ್ಲ. ಅಧಿಕಾರ ಎಲ್ಲಿಂದ ಬಂತೆಂಬುದನ್ನು ಪ್ರಜೆಗೆ ತಿಳಿಯದ ಭಾಷೆಯಲ್ಲಿ, ಭರವಸೆಯನ್ನು ಅವನಿಗೆ ತಿಳಿಯುವ ಚಿತ್ರದಲ್ಲಿ. ಅಕ್ಷರ ಬಾರದವರಿಗೂ ತಕ್ಕಡಿ ತಿಳಿಯಿತು, ಅದಕ್ಕೇ ಆ ಮನೆಯಲ್ಲಿ ಅದರ ಹೆಸರು ತಕ್ಕಡಿ ರೊಕ್ಕ ಎಂದು ಉಳಿದಿದೆ. ರಾಣಿಯ ಆಡಳಿತ ಬಂದ ಮೇಲೆ ಈ ಜಾಣತನವೂ ಹೋಯಿತು. ಬ್ರಿಟಿಷ್ ರಾಜಲಾಂಛನದ ಕೆಳಗೆ ಫ್ರೆಂಚ್ ಸಾಲು, ‘ದಿಯೂ ಎ ಮೋಂ ದ್ರುವಾ’, ದೇವರು ಮತ್ತು ನನ್ನ ಹಕ್ಕು. 1885ರಲ್ಲಿ ಜಿಲ್ಲೆಯ ಕಚೇರಿಗಳು ಕಲಾದಗಿಯಿಂದ ಬಿಜಾಪುರಕ್ಕೆ ಬಂದು ಆದಿಲ್‌ಶಾಹಿ ಮಹಲುಗಳಲ್ಲಿ ಮೇಜು ಹಾಕಿಕೊಂಡ ಕಾಲದ ಸರ್ಕಾರಕ್ಕೆ ಅದೇ ಘೋಷವಾಕ್ಯ. ಜನರಿಗೆಂದು ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ಬಬಲೇಶ್ವರದಲ್ಲಿ ನಾನು ಕಂಡದ್ದು ಹಳೆಯ ಛಾಪಾಕಾಗದಗಳನ್ನು. ಊರಿನ ಖರೇದಿಪತ್ರಗಳನ್ನು ಜೀವನವಿಡೀ ಬರೆದುಕೊಟ್ಟ ಹಿರಿಯರೊಬ್ಬರು ಒಂದಿಷ್ಟು ನಮೂನೆಗಳನ್ನು ಜೋಪಾನ ಮಾಡಿದ್ದಾರೆ. ಜಾರ್ಜ್ ದೊರೆಯ ಮುಖವಿದ್ದ ಕಡೆ ಮುಂದಿನ ಹಾಳೆಯಲ್ಲಿ ಸಿಂಹಸ್ತಂಭ. ಬರಹದ ಶೈಲಿ, ಚಕ್ಕುಬಂದಿ, ಸಾಕ್ಷಿದಾರರ ಹೆಬ್ಬೆಟ್ಟು ಎಲ್ಲ ಮೊದಲಿನಂತೆಯೇ. 1950ರ ಜನವರಿ 26ಕ್ಕೆ ದೇಶ ಬದಲಾದದ್ದು ಈ ಕಟ್ಟಿನಲ್ಲಿ ಗೊತ್ತಾಗುವುದು ನೆತ್ತಿಯ ಚಿತ್ರದಿಂದ ಮಾತ್ರ. ಸತ್ಯಮೇವ ಜಯತೇ ಅಂದರೆ ಏನು ಎಂದು ಕೇಳಿದೆ. “ಸತ್ಯ ಗೆಲ್ಲತೈತಿ ಅಂತ. ಆದ್ರ ತಾನಾಗೇ ಗೆಲ್ಲೂದಿಲ್ರೀ, ಓಡ್ಯಾಡಬೇಕು,” ಎಂದರು.

ಅವರಿಗೆ ಗೊತ್ತಿದೆಯೋ ಇಲ್ಲವೋ, ಶಂಕರಾಚಾರ್ಯರ ಮಾತೂ ಇದೇ. ಈ ವಾಕ್ಯ ಬಂದದ್ದು ಮುಂಡಕೋಪನಿಷತ್ತಿನ ಮೂರನೆಯ ಮುಂಡಕದಿಂದ. ಅಲ್ಲಿ ಭಾಷ್ಯ ಬರೆಯುತ್ತ ಶಂಕರರು, ಗೆಲ್ಲುವವನು ಸತ್ಯವಂತ ಎಂದು ಬಿಡಿಸುತ್ತಾರೆ. ಹಿಡಿದ ಮನುಷ್ಯನಿಲ್ಲದೆ ಬರಿಯ ಸತ್ಯಕ್ಕೆ ಗೆಲುವೆಂಬುದೂ ಇಲ್ಲ, ಬರಿಯ ಸುಳ್ಳಿಗೆ ಸೋಲೆಂಬುದೂ ಇಲ್ಲ ಎಂಬುದು ಅವರ ವಾದ. ಮೈಸೂರು ಅರಸರ ಲಾಂಛನದ ಸಾಲು ಇನ್ನೂ ಒಂದು ಹೆಜ್ಜೆ ಮುಂದೆ: ‘ಸತ್ಯಮೇವೋದ್ಧರಾಮ್ಯಹಂ’, ಸತ್ಯವನ್ನೇ ನಾನು ಎತ್ತಿಹಿಡಿಯುತ್ತೇನೆ. ಅಲ್ಲಿ ನಾನು ಎನ್ನುವವನೊಬ್ಬನಿದ್ದಾನೆ. ತಪ್ಪಿದರೆ ಹಿಡಿದು ಕೇಳಲು ಒಬ್ಬ ಸಿಗುತ್ತಾನೆ. ಗಣರಾಜ್ಯದ ಸಾಲಿನಲ್ಲಿ ಆ ನಾನು ಇಲ್ಲ. ಪ್ರಜಾಪ್ರಭುತ್ವಕ್ಕೆ ಅದು ಸರಿಯೇ, ಆದರೆ ಹೊಣೆ ಯಾರದೆಂಬ ಪ್ರಶ್ನೆಗೆ ಆ ಸಾಲು ಸುಮ್ಮನಿರುತ್ತದೆ. ಬೆಂಗಳೂರಿನ ವಿಧಾನಸೌಧದ ಹಣೆಯ ಮೇಲೆ ಕೆಂಗಲ್ ಹನುಮಂತಯ್ಯನವರ ಕಾಲದ ‘ಸರ್ಕಾರದ ಕೆಲಸ ದೇವರ ಕೆಲಸ’ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮುದ್ರೆಯಲ್ಲಿ ‘ಅರಿವೇ ಗುರು’ ಇದೆ. ಎರಡೂ ಕನ್ನಡವೇ, ಯಾರೂ ಅರ್ಥ ಕೇಳಿಕೊಂಡು ಬರುವುದಿಲ್ಲ. ಆದರೆ ರಾಜ್ಯದ ಸಿಕ್ಕಾದಲ್ಲಿ ಕನ್ನಡ ಇನ್ನೂ ಬಂದಿಲ್ಲ.

ಬರಬಾರದೆಂದೇನೂ ಇಲ್ಲ. ರಾಷ್ಟ್ರಲಾಂಛನದ ಜೊತೆ ನಾಗರಿಯ ಸಾಲು ಇರಲೇಬೇಕೆಂದು 2005ರ ಕಾಯಿದೆ, 2007ರ ನಿಯಮಗಳು ಹೇಳುತ್ತವೆ, ನಿಜ. ಆದರೂ ತಮಿಳುನಾಡು ತನ್ನ ಗೋಪುರದ ಲಾಂಛನದಲ್ಲಿ ದಶಕಗಳಿಂದ ‘ವಾಯ್ಮೈಯೇ ವೆಲ್ಲುಂ’ ಎಂದು ತಮಿಳಿನಲ್ಲೇ ಬರೆದುಕೊಂಡಿದೆ. ಆಂಧ್ರಪ್ರದೇಶ 2018ರ ಹೊಸ ಲಾಂಛನದಲ್ಲಿ ಸಂಸ್ಕೃತದ ಪದಗಳನ್ನೇ ತೆಲುಗು ಲಿಪಿಗೆ ತಂದಿತು. ಕರ್ನಾಟಕ 1074ರಲ್ಲೇ ಸಂಸ್ಕೃತವನ್ನು ಕನ್ನಡ ಅಕ್ಷರದಲ್ಲಿ ಕಲ್ಲಿಗೆ ಕೆತ್ತಿದ್ದು ಕಣ್ಣೆದುರಿಗಿದೆ. 2017ರ ಬಜೆಟ್ಟಿನಲ್ಲಿ ಘೋಷಣೆಯಾಗಿ ತಲೆಯೆತ್ತಿದ ತಿಕೋಟಾ, ಬಬಲೇಶ್ವರದಂಥ ಹೊಸ ತಾಲ್ಲೂಕುಗಳ ಕಚೇರಿಗಳಿಗೆ ನಾಮಫಲಕ ಬರೆಸುವಾಗ ಲಾಂಛನದ ಪಕ್ಕದಲ್ಲೇ ಕನ್ನಡದಲ್ಲಿ ಅದರ ಅರ್ಥ ಬರೆಸಲು ಯಾವ ನಿಯಮವೂ ಅಡ್ಡ ಬರುವುದಿಲ್ಲ. ಅದಕ್ಕೆ ಬೇಕಾದ್ದು ಒಂದು ಡಬ್ಬಿ ಬಣ್ಣ.

ಓದುಗರಲ್ಲಿ ನನ್ನದೊಂದು ಕೇಳಿಕೆ. ನಿಮ್ಮ ಮನೆಯ ದೇವರ ಜಗುಲಿಯಲ್ಲಿ, ಅಟ್ಟದ ಪೆಟ್ಟಿಗೆಯಲ್ಲಿ ಇಂಥ ತಾಮ್ರ, ಇಂಥ ಕಾಗದ ಇದ್ದರೆ ದೀಪಾವಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ವರ್ಷಕ್ಕೊಂದು ಸಲ ತಿಕ್ಕಿದರೂ ಮೂರು ತಲೆಮಾರಿಗೆ ಅಕ್ಷರ ಹೋಗುತ್ತದೆ, ಬರಿಯ ಹೊಳಪು ಉಳಿಯುತ್ತದೆ. ಎರಡೂ ಮುಖದ ಫೋಟೊ ತೆಗೆದು, ಎಷ್ಟು ತೂಕ, ಯಾರಿಂದ ಬಂತು, ಯಾವ ಊರಿನದು ಎಂದು ಒಂದು ಚೀಟಿ ಬರೆದು ಜೊತೆಗಿಡಿ. ಮರಾಠಿಯ ಮೋಡಿ ಲಿಪಿಯ ಕಾಗದಗಳನ್ನು ರದ್ದಿಗೆ ಹಾಕುವ ಮೊದಲು ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲೋ ರಾಜ್ಯ ಪತ್ರಾಗಾರದಲ್ಲೋ ಒಮ್ಮೆ ತೋರಿಸಿ. ನೀವೇ ಇಟ್ಟುಕೊಳ್ಳುವುದಾದರೆ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಬೇಡಿ, ಹತ್ತಿಯ ಬಟ್ಟೆಯಲ್ಲಿ ಸುತ್ತಿಡಿ.